ದೀರ್ಘ ಕಾಯಿಲೆ, ದುಬಾರಿ ವಿಮೆ: ನಮ್ಮ ಮನೆಯ ಲೆಕ್ಕ

‘ಆರೋಗ್ಯವೇ ಭಾಗ್ಯ’ ಎಂಬ ಮಾತನ್ನು ನಾವೆಲ್ಲರೂ ಚಿಕ್ಕಂದಿನಿಂದ ಕೇಳುತ್ತಾ ಬಂದಿದ್ದೇವೆ. ಶಾಲೆಯ ಗೋಡೆಯ ಮೇಲೆ, ಸರ್ಕಾರಿ ಆಸ್ಪತ್ರೆಯ ಬಾಗಿಲ ಮೇಲೆ ಅದನ್ನು ಓದಿದ್ದೇವೆ. ಆದರೆ ಆ ಭಾಗ್ಯ ಒಮ್ಮೆ ಕೈತಪ್ಪಿತೆಂದರೆ, ಮತ್ತೆ ಪೂರ್ತಿಯಾಗಿ ಮರಳಿ ಬರುವುದಿಲ್ಲವೆಂದರೆ, ಆ ಮನೆಯವರು ಏನು ಮಾಡಬೇಕು? ಜ್ವರವಾದರೆ ನಾಲ್ಕು ದಿನಕ್ಕೆ ಇಳಿಯುತ್ತದೆ. ಮುರಿದ ಮೂಳೆ ಎರಡು ತಿಂಗಳಿಗೆ ಕೂಡಿಕೊಳ್ಳುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂತ್ರಪಿಂಡದ ತೊಂದರೆ, ಅಸ್ತಮಾ, ಸಂಧಿವಾತ ಇವೆಲ್ಲ ಹಾಗಲ್ಲ. ಇವು ಬಂದ ಅತಿಥಿಗಳಲ್ಲ, ಮನೆಯಲ್ಲೇ ನೆಲೆಸುವ ಬಾಡಿಗೆದಾರರು. ಬಾಡಿಗೆಯನ್ನು ಮಾತ್ರ ನಾವೇ ಕೊಡಬೇಕು!

ಇಂಥ ಕಾಯಿಲೆ ಇರುವ ಮನೆಗೆ ಆರೋಗ್ಯ ವಿಮೆ ಎಲ್ಲರಿಗಿಂತ ಹೆಚ್ಚು ಅಗತ್ಯ. ಆದರೆ ಅದು ಎಲ್ಲರಿಗಿಂತ ಹೆಚ್ಚು ದುಬಾರಿಯಾಗುವುದೂ, ಸಿಗಲು ಎಲ್ಲರಿಗಿಂತ ಕಷ್ಟವಾಗುವುದೂ ಅದೇ ಮನೆಗೆ. ಇದು ಏಕೆ ಹೀಗೆ? ಇದಕ್ಕೆ ದಾರಿ ಇದೆಯೇ? ನಾವು ನಮ್ಮ ಮನೆಯಲ್ಲಿ ಬಿದ್ದು ಎದ್ದು ಕಲಿತದ್ದನ್ನು, ನಮ್ಮಂತೆ ಇರುವ ಇತರರಿಗೆ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ಕಥೆ

ನಮ್ಮದು ಸಣ್ಣ ಊರು, ಸಣ್ಣ ಸಂಸಾರ. ನಮ್ಮಲ್ಲೊಬ್ಬರು ಖಾಸಗಿ ಶಾಲೆಯಲ್ಲಿ ಶಿಕ್ಷಕಿ. ಇನ್ನೊಬ್ಬರದು ಮದುವೆ ಕಾಗದ, ಬಿಲ್ ಪುಸ್ತಕ ಅಚ್ಚು ಹಾಕುವ ಚಿಕ್ಕ ಪ್ರೆಸ್ಸು. 2011ರಲ್ಲಿ, ಇಬ್ಬರೂ ಗಟ್ಟಿಯಾಗಿದ್ದಾಗ, ಪರಿಚಯದ ಏಜೆಂಟರ ಒತ್ತಾಯಕ್ಕೆ ಒಂದು ಆರೋಗ್ಯ ವಿಮೆ ಮಾಡಿಸಿದೆವು. 2013ರಲ್ಲಿ ಪ್ರೆಸ್ಸು ನೋಡಿಕೊಳ್ಳುವವರಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು. ಆದರೂ ಚಿಂತೆ ಇರಲಿಲ್ಲ. ಪಾಲಿಸಿ ಮೊದಲೇ ಇತ್ತು, ಕಾಯಿಲೆ ಆಮೇಲೆ ಬಂದದ್ದು.

ತಪ್ಪು ಮಾಡಿದ್ದು 2017ರಲ್ಲಿ. ಆ ವರ್ಷ ಮಗಳಿಗೆ ನರ್ಸಿಂಗ್ ಕಾಲೇಜಿನ ಸೀಟು ಸಿಕ್ಕಿತು. ಶುಲ್ಕ, ಹಾಸ್ಟೆಲು, ಸಮವಸ್ತ್ರ ಎಂದು ಕೈಯಲ್ಲಿದ್ದದ್ದೆಲ್ಲ ಹೋಯಿತು. ಆರು ವರ್ಷ ಕಂತು ಕಟ್ಟಿದ್ದೆವು, ಒಂದು ರೂಪಾಯಿಯೂ ಉಪಯೋಗಕ್ಕೆ ಬಂದಿರಲಿಲ್ಲ. ‘ಈ ಒಂದು ವರ್ಷ ಬಿಟ್ಟರೆ ಏನಾದೀತು?’ ಎಂದುಕೊಂಡೆವು. ಪಾಲಿಸಿ ರದ್ದಾಯಿತು. ಮರು ವರ್ಷ ಕೈಗೆ ಸ್ವಲ್ಪ ಹಣ ಬಂದಾಗ ಹೊಸದಾಗಿ ಮಾಡಿಸಲು ಹೋದೆವು. ಆಗ ತಿಳಿಯಿತು: ಹಳೆಯ ಪಾಲಿಸಿಗೆ ಆಮೇಲೆ ಬಂದಿದ್ದ ಅದೇ ಸಕ್ಕರೆ ಕಾಯಿಲೆ, ಹೊಸ ಪಾಲಿಸಿಗೆ ‘ಮೊದಲೇ ಇದ್ದ ಕಾಯಿಲೆ’ ಆಗಿಬಿಟ್ಟಿತ್ತು. ಒಂದು ಕಂಪನಿಯವರು ಅರ್ಜಿಯನ್ನೇ ತಿರಸ್ಕರಿಸಿದರು. ಇನ್ನೊಂದು ಕಂಪನಿಯವರು ಒಪ್ಪಿದರು, ಆದರೆ ಸಾಮಾನ್ಯ ಕಂತಿನ ಮೇಲೆ ಹೆಚ್ಚುವರಿ ಹಣ ಕೇಳಿದರು. ಜೊತೆಗೆ, ನಾಲ್ಕು ವರ್ಷಗಳ ತನಕ ಸಕ್ಕರೆ ಕಾಯಿಲೆಗೂ ಅದರಿಂದ ಬರುವ ತೊಂದರೆಗಳಿಗೂ ಒಂದು ಪೈಸೆ ಕೊಡುವುದಿಲ್ಲ ಎಂಬ ಷರತ್ತು.

2020ರಲ್ಲಿ ಕಾಲಿಗೆ ಗಾಯವಾಗಿ ಕೊಳೆಯತೊಡಗಿತು. ಹನ್ನೊಂದು ದಿನ ಆಸ್ಪತ್ರೆ. ವಿಮೆ ಇತ್ತು, ಆದರೆ ನಾಲ್ಕು ವರ್ಷ ಆಗಿರಲಿಲ್ಲ. ಮದುವೆಯ ಸರವನ್ನು ಅಡವಿಟ್ಟು, ಸಹಕಾರ ಸಂಘದಲ್ಲಿ ಸಾಲ ಮಾಡಿ ಬಿಲ್ಲು ಕಟ್ಟಿದೆವು. ಕಾಲು ಉಳಿಯಿತು. 2017ರಲ್ಲಿ ಒಂದು ಕಂತು ಉಳಿಸಲು ಹೋಗಿ ನಾವು ತೆತ್ತ ಬೆಲೆ ಅದು.

ವಿಮೆ ನಡೆಯುವುದು ಹೇಗೆ?

ಕಂಪನಿಗಳನ್ನು ಬೈಯುವುದು ಸುಲಭ. ನಾವೂ ಬೈದಿದ್ದೇವೆ. ಆದರೆ ವಿಮೆಯ ಲೆಕ್ಕ ಹೇಗೆ ನಡೆಯುತ್ತದೆ ಎಂದು ತಿಳಿದುಕೊಂಡರೆ ನಮ್ಮ ದಾರಿಯೂ ಸ್ಪಷ್ಟವಾಗುತ್ತದೆ.

ವಿಮೆ ಎಂದರೆ ‘ಹನಿ ಹನಿ ಕೂಡಿದರೆ ಹಳ್ಳ’ ಎಂಬ ಗಾದೆಯೇ. ನಮ್ಮ ರಾಜ್ಯದ್ದೇ ಉದಾಹರಣೆ ಇದೆ. 2003ರಲ್ಲಿ ಸಹಕಾರ ಸಂಘಗಳ ರೈತ ಸದಸ್ಯರಿಗಾಗಿ ಯಶಸ್ವಿನಿ ಯೋಜನೆ ಜಾರಿಗೆ ಬಂತು. ಹೃದಯ ತಜ್ಞ ಡಾ. ದೇವಿ ಶೆಟ್ಟಿಯವರ ಆಲೋಚನೆ, ರಾಜ್ಯದ ಸಹಕಾರ ಇಲಾಖೆಯ ಬೆಂಬಲ. ಆಗ ಒಬ್ಬರು ಕೊಡಬೇಕಾಗಿದ್ದುದು ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60 ರೂಪಾಯಿ ಮಾತ್ರ. ಐದು ರೂಪಾಯಿಗೆ ಹೃದಯದ ಶಸ್ತ್ರಚಿಕಿತ್ಸೆ ಹೇಗೆ ಸಾಧ್ಯ? ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದ್ದರು. ಅವರಲ್ಲಿ ಶಸ್ತ್ರಚಿಕಿತ್ಸೆ ಬೇಕಾದವರು ಕೆಲವೇ ಮಂದಿ. ಗಟ್ಟಿಯಾಗಿರುವ ಅನೇಕರು, ಬಿದ್ದ ಕೆಲವರನ್ನು ಎತ್ತಿ ಹಿಡಿಯುತ್ತಾರೆ. ಇಂದು ಎತ್ತುವವನು ನಾಳೆ ಬೀಳಬಹುದು. ಇದೇ ವಿಮೆಯ ಗುಟ್ಟು.

ಈಗ ಇನ್ನೊಂದು ಬದಿಯಿಂದ ನೋಡೋಣ. ಎಲ್ಲರೂ ಗಟ್ಟಿಯಾಗಿರುವಾಗ ಸುಮ್ಮನಿದ್ದು, ಕಾಯಿಲೆ ಬಂದ ಮರುದಿನ ವಿಮೆ ಮಾಡಿಸಿದರೆ ಏನಾದೀತು? ಹಳ್ಳಕ್ಕೆ ನೀರು ಹಾಕುವವರಿಲ್ಲ, ಮೊಗೆಯುವವರೇ ಎಲ್ಲ. ಹಳ್ಳ ಬತ್ತಿಹೋಗುತ್ತದೆ. ಆದ್ದರಿಂದಲೇ ಕಂಪನಿಗಳು ಮೂರು ಬೇಲಿಗಳನ್ನು ಹಾಕಿಕೊಂಡಿವೆ. ಮೊದಲನೆಯದು, ಅರ್ಜಿಯಲ್ಲಿ ಕಾಯಿಲೆಯ ವಿವರ ಕೇಳುವುದು. ಎರಡನೆಯದು, ಕಾಯಿಲೆ ಇದ್ದವರಿಂದ ಹೆಚ್ಚು ಕಂತು ಪಡೆಯುವುದು. ಮೂರನೆಯದು, ಕಾಯುವ ಅವಧಿ.

ಕಂಪನಿಯ ದೃಷ್ಟಿಯಿಂದ ಇದು ಸರಿಯೇ. ಆದರೆ ಕಾಯಿಲೆ ಯಾರನ್ನೂ ಕೇಳಿ ಬರುವುದಿಲ್ಲ. ಸಂಬಳ ಕಡಿಮೆ ಇರುವವನು ಗಟ್ಟಿಯಾಗಿರುವಾಗ ವಿಮೆಗಿಂತ ಅಕ್ಕಿಯನ್ನೇ ಕೊಳ್ಳುತ್ತಾನೆ. ಹಾಗಾಗಿ ಈ ಬೇಲಿಗಳ ಹೊರಗೆ ನಿಲ್ಲುವವರು ಹೆಚ್ಚಾಗಿ ಬಡವರು ಮತ್ತು ನಮ್ಮಂಥ ಮಧ್ಯಮ ವರ್ಗದವರು.

ಕಾಯುವ ಅವಧಿಯಲ್ಲಿ ಆಗಿರುವ ಬದಲಾವಣೆ

ಈ ಬೇಲಿಗಳ ಎತ್ತರ ಇತ್ತೀಚಿನ ವರ್ಷಗಳಲ್ಲಿ ಸ್ವಲ್ಪ ತಗ್ಗಿದೆ. ಇದು ಅನೇಕರಿಗೆ ತಿಳಿದಿಲ್ಲ. ವಿಮಾ ಕಂಪನಿಗಳನ್ನು ನಿಯಂತ್ರಿಸುವುದು ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರ, ಅಂದರೆ ಐ.ಆರ್.ಡಿ.ಎ.ಐ. ಅದು 2024ರ ಏಪ್ರಿಲ್ 1ರಿಂದ ಜಾರಿಗೆ ತಂದ ನಿಯಮಗಳ ಪ್ರಕಾರ:

1. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಹೆಚ್ಚೆಂದರೆ 36 ತಿಂಗಳು. ಮೊದಲು ಇದು 48 ತಿಂಗಳಿತ್ತು. ಹಣ ಹೆಚ್ಚು ಕೊಟ್ಟರೆ ಇನ್ನೂ ಕಡಿಮೆ ಅವಧಿಯ ಪಾಲಿಸಿಗಳೂ ಇವೆ.

2. ಪಾಲಿಸಿಯನ್ನು ತಪ್ಪದೆ 60 ತಿಂಗಳು, ಅಂದರೆ ಐದು ವರ್ಷ ನಡೆಸಿದರೆ, ಆಮೇಲೆ ‘ನೀವು ಆಗ ಇದನ್ನು ಹೇಳಿರಲಿಲ್ಲ’ ಎಂದು ಕಂಪನಿಯು ಕ್ಲೇಮನ್ನು ತಳ್ಳಿಹಾಕುವಂತಿಲ್ಲ. ವಂಚನೆ ಎಂದು ಸಾಬೀತಾದರೆ ಮಾತ್ರ ಸಾಧ್ಯ. ಮೊದಲು ಈ ಅವಧಿ ಎಂಟು ವರ್ಷವಿತ್ತು.

3. ಕಂಪನಿಗಳು ಎಲ್ಲ ವಯಸ್ಸಿನವರಿಗೂ, ಮೊದಲೇ ಕಾಯಿಲೆ ಇರುವವರಿಗೂ ಪಾಲಿಸಿಗಳನ್ನು ರೂಪಿಸಬೇಕು. 65 ವರ್ಷ ದಾಟಿದರೆ ಹೊಸ ಪಾಲಿಸಿಯೇ ಇಲ್ಲ ಎಂಬ ಹಳೆಯ ರೂಢಿ ಹೋಯಿತು.

ಮಾನಸಿಕ ಕಾಯಿಲೆಗಳ ಬಗ್ಗೆಯೂ ಒಂದು ಮಾತು. 2017ರ ಮಾನಸಿಕ ಆರೋಗ್ಯ ಕಾಯ್ದೆಯು ದೇಹದ ಕಾಯಿಲೆಗೆ ವಿಮೆ ಹೇಗೋ ಮನಸ್ಸಿನ ಕಾಯಿಲೆಗೂ ಹಾಗೆಯೇ ಇರಬೇಕು ಎಂದು ಹೇಳುತ್ತದೆ. ನಾಚಿಕೆಯಿಂದ ಮುಚ್ಚಿಡುವ ಮನೆಗಳಿಗೆ ಇದು ತಿಳಿದಿರಲಿ.

ಅರ್ಜಿಯಲ್ಲಿ ಸತ್ಯವನ್ನೇ ಬರೆಯೋಣ

2018ರಲ್ಲಿ ಏಜೆಂಟರು ನಮಗೆ ಮೆಲ್ಲಗೆ ಹೇಳಿದ ಮಾತು ಇನ್ನೂ ನೆನಪಿದೆ. “ಸಾರ್, ಶುಗರ್ ಇದೆ ಅಂತ ಬರೆಯೋದು ಯಾಕೆ? ‘ಇಲ್ಲ’ ಅಂತ ಟಿಕ್ ಮಾಡಿ. ಕಂತೂ ಕಡಿಮೆ, ತಕರಾರೂ ಇಲ್ಲ.” ಕೆಟ್ಟ ಮನುಷ್ಯರೇನಲ್ಲ. ನಮಗೆ ಸಹಾಯ ಮಾಡಲೆಂದೇ ಹೇಳಿದರು. ಆ ರಾತ್ರಿ ಇಬ್ಬರೂ ಅರ್ಜಿಯನ್ನು ಮುಂದಿಟ್ಟುಕೊಂಡು ಬಹಳ ಹೊತ್ತು ಕುಳಿತೆವು. ಕಂತಿನ ವ್ಯತ್ಯಾಸ ಒಂದು ತಿಂಗಳ ಮನೆ ಖರ್ಚಿನಷ್ಟಿತ್ತು. ಕೊನೆಗೆ ‘ಹೌದು’ ಎಂದೇ ಬರೆದೆವು. ಧೈರ್ಯದಿಂದಲ್ಲ, ಭಯದಿಂದ ಎಂದರೂ ಸರಿಯೇ.

ಅದೇ ಏಜೆಂಟರ ಮಾತು ಕೇಳಿ ‘ಇಲ್ಲ’ ಎಂದು ಬರೆದ ನಮ್ಮ ಪರಿಚಯದವರೊಬ್ಬರು ಎರಡೇ ವರ್ಷಕ್ಕೆ ಆಸ್ಪತ್ರೆ ಸೇರಿದರು. ‘ಎಷ್ಟು ವರ್ಷದಿಂದ ಶುಗರ್ ಇದೆ?’ ಎಂದು ವೈದ್ಯರು ಕೇಳಿದಾಗ ‘ಹತ್ತು ವರ್ಷ’ ಎಂದು ಸಹಜವಾಗಿಯೇ ಉತ್ತರಿಸಿದರು. ಅದು ಕೇಸ್ ಶೀಟಿನಲ್ಲಿ ದಾಖಲಾಯಿತು. ಕೇಸ್ ಶೀಟು ಕಂಪನಿಗೆ ಹೋಯಿತು. ಕ್ಲೇಮು ತಿರಸ್ಕೃತವಾಯಿತು, ಪಾಲಿಸಿಯೂ ರದ್ದಾಯಿತು. ಕಟ್ಟಿದ ಕಂತೂ ಹೋಯಿತು, ಆಸರೆಯೂ ಹೋಯಿತು.

ಐದು ವರ್ಷದ ನಿಯಮವನ್ನು ನಂಬಿ ಸುಳ್ಳು ಬರೆಯಬಹುದಲ್ಲವೇ ಎಂದು ಯಾರಾದರೂ ಕೇಳಬಹುದು. ದೀರ್ಘ ಕಾಯಿಲೆ ಇರುವವನಿಗೆ ಐದು ವರ್ಷ ಆಸ್ಪತ್ರೆಯ ಮುಖ ನೋಡದೆ ಇರುವ ಭರವಸೆ ಎಲ್ಲಿದೆ? ಬೇಕೆಂದೇ ಮುಚ್ಚಿಟ್ಟದ್ದನ್ನು ವಂಚನೆ ಎನ್ನಲು ಕಂಪನಿಗೆ ದಾರಿಯೂ ಉಳಿದಿರುತ್ತದೆ. ಆದ್ದರಿಂದ ಅರ್ಜಿಯನ್ನು ಏಜೆಂಟರ ಕೈಗೆ ಖಾಲಿ ಸಹಿ ಹಾಕಿ ಕೊಡುವುದು ಬೇಡ. ನಾವೇ ಓದಿ, ಕಾಯಿಲೆ, ಮಾತ್ರೆ, ಹಿಂದಿನ ಶಸ್ತ್ರಚಿಕಿತ್ಸೆ ಎಲ್ಲವನ್ನೂ ಬರೆದು, ಒಂದು ನಕಲು ಪ್ರತಿಯನ್ನು ಮನೆಯಲ್ಲಿಟ್ಟುಕೊಳ್ಳೋಣ.

ವಿಮೆ ಕೊಡದ ಖರ್ಚು

ವಿಮೆ ಇದ್ದರೆ ಎಲ್ಲ ಮುಗಿಯಿತೇ? ಇಲ್ಲ. ಸಾಮಾನ್ಯ ಆರೋಗ್ಯ ವಿಮೆ ಹಣ ಕೊಡುವುದು ಆಸ್ಪತ್ರೆಯಲ್ಲಿ ಕನಿಷ್ಠ 24 ಗಂಟೆ ಒಳರೋಗಿಯಾಗಿ ಇದ್ದರೆ. ಡಯಾಲಿಸಿಸ್, ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ, ಕೀಮೋಥೆರಪಿಯಂಥ ಕೆಲವು ಚಿಕಿತ್ಸೆಗಳಿಗೆ ಮಾತ್ರ ಈ ಷರತ್ತಿಲ್ಲ. ಆದರೆ ದೀರ್ಘ ಕಾಯಿಲೆಯವನ ನಿಜವಾದ ಖರ್ಚು ಎಲ್ಲಿದೆ? ಪ್ರತಿ ತಿಂಗಳ ಮಾತ್ರೆ, ಇನ್ಸುಲಿನ್, ಸಕ್ಕರೆ ನೋಡುವ ಪಟ್ಟಿ, ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ ಪರೀಕ್ಷೆ, ವರ್ಷಕ್ಕೊಮ್ಮೆ ಕಣ್ಣು, ಮೂತ್ರಪಿಂಡ, ಪಾದಗಳ ತಪಾಸಣೆ. ಇದ್ಯಾವುದೂ ಸಾಮಾನ್ಯ ಪಾಲಿಸಿಯಲ್ಲಿ ಇಲ್ಲ.

ಹೀಗೆ ನಮ್ಮಂಥ ಮನೆಗೆ ಎರಡು ಹೊರೆ. ಒಂದು ಕೈಯಲ್ಲಿ ಕಂತು, ಇನ್ನೊಂದು ಕೈಯಲ್ಲಿ ಔಷಧಿ. ಹಣ ಸಾಲದಾದಾಗ ಯಾವುದನ್ನು ಬಿಡುವುದು? ಮಾತ್ರೆ ಬಿಟ್ಟರೆ ಕಾಯಿಲೆ ಬಿಗಡಾಯಿಸುತ್ತದೆ. ಕಂತು ಬಿಟ್ಟರೆ ಬಿಗಡಾಯಿಸಿದ ದಿನ ಕೈ ಹಿಡಿಯುವವರಿಲ್ಲ. ಈ ಪ್ರಶ್ನೆಯನ್ನು ನಾವು ಪ್ರತಿ ವರ್ಷ ಎದುರಿಸುತ್ತೇವೆ. ‘ದಿನ ಬಿಟ್ಟು ದಿನ ಮಾತ್ರೆ ತೆಗೆದುಕೊಂಡರೆ ಸಾಲದೇ?’ ಎಂದು ನಮ್ಮಲ್ಲೊಬ್ಬರು ಇನ್ನೊಬ್ಬರಿಗೆ ತಿಳಿಯದಂತೆ ಹಾಗೆಯೇ ಮಾಡಿದ್ದೂ ಉಂಟು. ದಯವಿಟ್ಟು ಯಾರೂ ಹೀಗೆ ಮಾಡಬೇಡಿ. ಆ ಉಳಿತಾಯವೇ ಕಾಲಿನ ಗಾಯಕ್ಕೆ ದಾರಿಯಾಯಿತೇನೋ ಎಂಬ ಕೊರಗು ನಮ್ಮ ಮನೆಯಲ್ಲಿ ಇನ್ನೂ ಇದೆ.

ಔಷಧಿಯ ಹೊರೆ ಇಳಿಸಲು ನಮಗೆ ಒದಗಿದ ದಾರಿಗಳು ಎರಡು. ಒಂದು, ಜನೌಷಧಿ ಮಳಿಗೆಗಳು. 2008ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಔಷಧಿಗಳು ಬ್ರಾಂಡಿನ ಹೆಸರಿಲ್ಲದೆ, ಮೂಲ ಹೆಸರಿನಲ್ಲೇ ಸಿಗುತ್ತವೆ. ಬೆಲೆ ಬ್ರಾಂಡೆಡ್ ಔಷಧಿಗಿಂತ 50ರಿಂದ 90 ಶೇಕಡಾ ಕಡಿಮೆ ಎಂದು ಸರ್ಕಾರ ಹೇಳುತ್ತದೆ. ಔಷಧಿಯ ಮೂಲ ಹೆಸರನ್ನು ಬರೆದು ಕೊಡುವಂತೆ ವೈದ್ಯರನ್ನು ವಿನಯದಿಂದ ಕೇಳಬಹುದು. ಅವರನ್ನು ಕೇಳದೆ ನಾವಾಗಿಯೇ ಔಷಧಿ ಬದಲಿಸುವುದು ಬೇಡ. ಎರಡು, ಸರ್ಕಾರಿ ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳಲ್ಲಿರುವ ಅಸಾಂಕ್ರಾಮಿಕ ರೋಗಗಳ ಚಿಕಿತ್ಸಾಲಯ. ಅಲ್ಲಿ ಸಕ್ಕರೆ, ರಕ್ತದೊತ್ತಡ ಪರೀಕ್ಷಿಸಿ ಮಾತ್ರೆ ಕೊಡುತ್ತಾರೆ. ‘ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ನಾವು ನಿಲ್ಲುವುದೇ?’ ಎಂಬ ಮರ್ಯಾದೆಯ ಪ್ರಶ್ನೆ ನಮಗೂ ಇತ್ತು. ಸಾಲದ ಕಂತಿನ ಮುಂದೆ ಅದು ನಿಲ್ಲಲಿಲ್ಲ.

ಕೋಣೆ ಆರಿಸುವಾಗ ಎಚ್ಚರ

2022ರಲ್ಲಿ ನಮ್ಮ ಕಾಯುವ ಅವಧಿ ಮುಗಿಯಿತು. 2023ರಲ್ಲಿ ಮೂತ್ರಪಿಂಡದ ಸೋಂಕಿನಿಂದ ಆರು ದಿನ ಆಸ್ಪತ್ರೆಯಲ್ಲಿ ಇರಬೇಕಾಯಿತು. ಈ ಬಾರಿ ವಿಮೆ ಕೈ ಹಿಡಿಯಿತು. ಆದರೂ ನಮ್ಮ ಕೈಯಿಂದ 29,000 ರೂಪಾಯಿ ಹೋಯಿತು. ಏಕೆಂದರೆ ಪಾಲಿಸಿಯಲ್ಲಿ ಸಣ್ಣ ಅಕ್ಷರದಲ್ಲಿದ್ದ ಒಂದು ಷರತ್ತನ್ನು ನಾವು ಓದಿರಲಿಲ್ಲ.

ನಮ್ಮದು 3 ಲಕ್ಷದ ಪಾಲಿಸಿ. ಕೋಣೆಯ ಬಾಡಿಗೆ ದಿನಕ್ಕೆ ಅದರ ಶೇಕಡಾ 1, ಅಂದರೆ 3,000 ರೂಪಾಯಿಯವರೆಗೆ ಮಾತ್ರ. ನಾವು ತೆಗೆದುಕೊಂಡ ಕೋಣೆ 4,500 ರೂಪಾಯಿಯದು. ಹೆಚ್ಚುವರಿ 1,500ರಂತೆ ಆರು ದಿನಕ್ಕೆ 9,000 ನಾವೇ ಕೊಡಬೇಕೆಂದು ಊಹಿಸಿದ್ದೆವು. ಆದರೆ ಕೋಣೆ ದುಬಾರಿಯಾದಂತೆ ವೈದ್ಯರ ಶುಲ್ಕ, ಶುಶ್ರೂಷೆಯ ಶುಲ್ಕಗಳೂ ಏರುತ್ತವೆ ಎಂಬ ಲೆಕ್ಕದಲ್ಲಿ ಕಂಪನಿಯು ಅವುಗಳಲ್ಲೂ ಅದೇ ಪ್ರಮಾಣದಲ್ಲಿ ಕಡಿತ ಮಾಡುತ್ತದೆ. 3,000 ಎಂದರೆ 4,500ರ ಮೂರರಲ್ಲಿ ಎರಡು ಪಾಲು. ಆ ಶುಲ್ಕಗಳು 60,000 ಆಗಿದ್ದವು. ಕಂಪನಿ ಒಪ್ಪಿದ್ದು 40,000. ಉಳಿದ 20,000 ಮತ್ತು ಬಾಡಿಗೆಯ 9,000 ನಮ್ಮ ತಲೆಗೆ. ಔಷಧಿಗೂ ಪರೀಕ್ಷೆಗಳಿಗೂ ಮಾತ್ರ ಈ ಕಡಿತ ಅನ್ವಯಿಸುವುದಿಲ್ಲ. ಆದ್ದರಿಂದ ಆಸ್ಪತ್ರೆ ಸೇರುವ ಮೊದಲೇ ‘ನಮ್ಮ ಪಾಲಿಸಿಗೆ ಎಷ್ಟರ ಕೋಣೆ?’ ಎಂದು ವಿಮಾ ಕೌಂಟರಿನಲ್ಲಿ ಕೇಳಿ ಆರಿಸೋಣ.

ಕಂತು ಕಟ್ಟಲು ಕಷ್ಟವಾದಾಗ

ನಮ್ಮ ಅನುಭವದ ಮೊದಲ ಪಾಠ ಇದು: ಕಾಯಿಲೆ ಇರುವ ಮನೆಯವರು ಪಾಲಿಸಿಯನ್ನು ರದ್ದಾಗಲು ಬಿಡಬಾರದು. ಬಿಟ್ಟರೆ ಕಳೆದುಹೋಗುವುದು ಒಂದು ವರ್ಷದ ರಕ್ಷಣೆ ಮಾತ್ರವಲ್ಲ, ಅಲ್ಲಿಯವರೆಗೆ ಕಾದ ಎಲ್ಲ ವರ್ಷಗಳೂ. ಕಟ್ಟಲು ಕಷ್ಟವಾದಾಗ ಕೈಬಿಡುವ ಮೊದಲು ಇವುಗಳನ್ನು ಯೋಚಿಸೋಣ:

ಮೊದಲನೆಯದಾಗಿ, ವರ್ಷದ ಕಂತಿಗೆ ಕೊನೆಯ ದಿನದ ನಂತರವೂ 30 ದಿನಗಳ ಹೆಚ್ಚುವರಿ ಅವಕಾಶವಿದೆ. ಆ ದಿನಗಳಲ್ಲಿ ಆಸ್ಪತ್ರೆ ಸೇರಿದರೆ ಹಣ ಸಿಗದಿದ್ದರೂ, ಅಷ್ಟರೊಳಗೆ ಕಟ್ಟಿದರೆ ಕಾದ ವರ್ಷಗಳು ಉಳಿಯುತ್ತವೆ. 2017ರಲ್ಲಿ ಇದು ನಮಗೆ ಗೊತ್ತಿರಲಿಲ್ಲ.

ಎರಡನೆಯದಾಗಿ, ತಿಂಗಳು ಅಥವಾ ಮೂರು ತಿಂಗಳಿಗೊಮ್ಮೆ ಕಂತು ಕಟ್ಟುವ ಸೌಲಭ್ಯವನ್ನು ಅನೇಕ ಕಂಪನಿಗಳು ಕೊಡುತ್ತವೆ. ಜೂನ್ ತಿಂಗಳಲ್ಲಿ ಶಾಲೆಯ ಶುಲ್ಕ ಕಟ್ಟಿ ಬರಿಗೈಯಾದ ಮನೆಗೆ ಇದು ಅನುಕೂಲ.

ಮೂರನೆಯದಾಗಿ, ವಿಮೆಯ ಮೊತ್ತವನ್ನು ಕಡಿಮೆ ಮಾಡಿಕೊಳ್ಳಬಹುದು. 5 ಲಕ್ಷದ ಪಾಲಿಸಿಯನ್ನು ಬಿಟ್ಟೇಬಿಡುವ ಬದಲು 3 ಲಕ್ಷಕ್ಕೆ ಇಳಿಸುವುದು ಮೇಲು.

ನಾಲ್ಕನೆಯದಾಗಿ, ಕಂಪನಿಯನ್ನು ಬದಲಿಸಬಹುದು. 2011ರಿಂದ ಈ ಹಕ್ಕು ನಮಗಿದೆ. ಕಾದ ವರ್ಷಗಳು ಹೊಸ ಕಂಪನಿಯಲ್ಲೂ ಲೆಕ್ಕಕ್ಕೆ ಬರುತ್ತವೆ. ಆದರೆ ಹೊಸ ಕಂಪನಿ ಅರ್ಜಿಯನ್ನು ನಿರಾಕರಿಸಬಹುದು. ಆದ್ದರಿಂದ ನವೀಕರಣದ ದಿನಕ್ಕೆ ಒಂದೂವರೆ ತಿಂಗಳು ಮೊದಲೇ ಅರ್ಜಿ ಹಾಕಿ, ಅಲ್ಲಿ ಒಪ್ಪಿಗೆ ಸಿಗುವ ತನಕ ಹಳೆಯದನ್ನು ಬಿಡದಿರೋಣ.

ಐದನೆಯದಾಗಿ, 2020ರ ಏಪ್ರಿಲ್‌ನಿಂದ ಬಂದಿರುವ ‘ಆರೋಗ್ಯ ಸಂಜೀವಿನಿ’ ಎಂಬ ಪಾಲಿಸಿ. ಇದರ ಷರತ್ತುಗಳು ಎಲ್ಲ ಕಂಪನಿಗಳಲ್ಲೂ ಒಂದೇ. ಬಿಲ್ಲಿನ ಶೇಕಡಾ 5ರಷ್ಟನ್ನು ನಾವು ಕೊಡಬೇಕು. ಷರತ್ತು ಒಂದೇ ಆಗಿರುವುದರಿಂದ ಕಂತನ್ನು ಮಾತ್ರ ಹೋಲಿಸಿ ಆರಿಸುವುದು ಸುಲಭ.

ಇನ್ನೊಂದು ಸಮಾಧಾನದ ಸಂಗತಿ. ಕ್ಲೇಮು ಮಾಡಿದ ಕಾರಣಕ್ಕೆ ಕಂಪನಿಯು ನವೀಕರಣವನ್ನು ನಿರಾಕರಿಸುವಂತಿಲ್ಲ. 60 ವರ್ಷ ದಾಟಿದವರ ಕಂತನ್ನು ಪ್ರಾಧಿಕಾರದೊಂದಿಗೆ ಸಮಾಲೋಚಿಸದೆ ವರ್ಷಕ್ಕೆ ಶೇಕಡಾ 10ಕ್ಕಿಂತ ಹೆಚ್ಚು ಏರಿಸಬಾರದೆಂದು 2025ರ ಜನವರಿಯಲ್ಲಿ ಆದೇಶವಾಗಿದೆ. ಅದೇ ವರ್ಷದ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಹಾಗೂ ಕುಟುಂಬದ ಆರೋಗ್ಯ ವಿಮೆಯ ಮೇಲಿದ್ದ ಶೇಕಡಾ 18ರ ಜಿ.ಎಸ್.ಟಿ. ತೆಗೆದುಹಾಕಲಾಯಿತು. 20,000 ರೂಪಾಯಿಯ ಕಂತಿಗೆ 3,600 ರೂಪಾಯಿ ತೆರಿಗೆ ಕಟ್ಟುತ್ತಿದ್ದವರಿಗೆ ಅದು ಎರಡು ತಿಂಗಳ ಮಾತ್ರೆಯ ಹಣ!

ಖಾಸಗಿ ವಿಮೆ ಕೈಗೆಟುಕದಿದ್ದರೆ

ಎಷ್ಟು ಲೆಕ್ಕ ಹಾಕಿದರೂ ಕಂತು ಕಟ್ಟಲಾಗದ ಮನೆಗಳು ನಮ್ಮ ಸುತ್ತ ಬೇಕಾದಷ್ಟಿವೆ. ಅವರು ಮೊದಲು ನೋಡಬೇಕಾದದ್ದು ಸರ್ಕಾರದ ಯೋಜನೆಗಳನ್ನು.

2018ರಲ್ಲಿ ಆರಂಭವಾದ ‘ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ’ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಇದೆ. ಎ.ಪಿ.ಎಲ್. ಕುಟುಂಬಕ್ಕೆ ನಿಗದಿತ ದರದ ಶೇಕಡಾ 30ರಷ್ಟನ್ನು, ವರ್ಷಕ್ಕೆ 1.5 ಲಕ್ಷದವರೆಗೆ, ಸರ್ಕಾರ ಕೊಡುತ್ತದೆ. ಇಲ್ಲಿ ಕಂತಿಲ್ಲ, ಕಾಯುವ ಅವಧಿಯೂ ಇಲ್ಲ. ಮೊದಲೇ ಇದ್ದ ಕಾಯಿಲೆ ಎಂಬ ಪ್ರಶ್ನೆಯೇ ಇಲ್ಲ. ಖಾಸಗಿ ವಿಮೆ ಯಾರನ್ನು ಹೊರಗೆ ನಿಲ್ಲಿಸುತ್ತದೋ ಅವರಿಗೇ ಇದು ಬಾಗಿಲು ತೆರೆಯುತ್ತದೆ. ತುರ್ತು ಇಲ್ಲದ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಸೌಲಭ್ಯ ಇಲ್ಲದಿದ್ದರೆ ಶಿಫಾರಸು ಪತ್ರದೊಂದಿಗೆ ಖಾಸಗಿ ಆಸ್ಪತ್ರೆಗೆ ಕಳುಹಿಸುತ್ತಾರೆ. ಪತ್ರವಿಲ್ಲದೆ ನೇರವಾಗಿ ಹೋಗಿ, ಬಿಲ್ಲು ಬಂದ ಮೇಲೆ ಕಾರ್ಡು ತೋರಿಸಿದರೆ ಪ್ರಯೋಜನವಿಲ್ಲ. ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ‘ಆರೋಗ್ಯಮಿತ್ರ’ ಎಂಬ ಸಿಬ್ಬಂದಿ ಇರುತ್ತಾರೆ. ಮೊದಲು ಅವರನ್ನು ಕಾಣಬೇಕು.

ಮೂತ್ರಪಿಂಡ ಕೈಕೊಟ್ಟವರಿಗೆ ಡಯಾಲಿಸಿಸ್ ಸಾಮಾನ್ಯವಾಗಿ ವಾರಕ್ಕೆ ಮೂರು ಬಾರಿ ಬೇಕು, ಅಂದರೆ ವರ್ಷಕ್ಕೆ 156 ಬಾರಿ. ಯಾವ ಮಧ್ಯಮ ವರ್ಗದ ಉಳಿತಾಯವೂ ಇದನ್ನು ತಾಳಲಾರದು. 2016ರಲ್ಲಿ ಪ್ರಕಟವಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತ ಡಯಾಲಿಸಿಸ್ ಇದೆ. ನಮ್ಮ ರಾಜ್ಯದ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲೂ ಘಟಕಗಳಿವೆ.

ಯಶಸ್ವಿನಿ ಯೋಜನೆ 2018ರಲ್ಲಿ ನಿಂತು 2022ರಲ್ಲಿ ಮತ್ತೆ ಆರಂಭವಾಯಿತು. ಆಗ ಗ್ರಾಮೀಣ ಸಹಕಾರ ಸಂಘದ ಸದಸ್ಯರ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ನಿಗದಿಯಾಗಿತ್ತು. ನೋಂದಣಿ ವರ್ಷವಿಡೀ ಇರುವುದಿಲ್ಲ. ಹಾಲಿನ ಸೊಸೈಟಿಯಲ್ಲೋ ಕೃಷಿ ಪತ್ತಿನ ಸಂಘದಲ್ಲೋ ಸದಸ್ಯರಾಗಿರುವವರು ಕಾರ್ಯದರ್ಶಿಯವರನ್ನು ಮುಂಚಿತವಾಗಿ ಕೇಳಿಟ್ಟುಕೊಳ್ಳಬೇಕು.

ಕಾರ್ಖಾನೆ, ಅಂಗಡಿ, ಹೋಟೆಲುಗಳಲ್ಲಿ ದುಡಿಯುವವರು ಇ.ಎಸ್.ಐ. ಅನ್ನು ಮರೆಯಬಾರದು. 2017ರಲ್ಲಿ ಇದರ ಸಂಬಳದ ಮಿತಿಯನ್ನು ತಿಂಗಳಿಗೆ 21,000 ರೂಪಾಯಿಗೆ ಏರಿಸಲಾಯಿತು. 2019ರ ಜುಲೈನಿಂದ ನೌಕರನ ಪಾಲು ಸಂಬಳದ ಶೇಕಡಾ 0.75, ಮಾಲೀಕರ ಪಾಲು 3.25. ಹೊರರೋಗಿ ಚಿಕಿತ್ಸೆ, ತಿಂಗಳ ಮಾತ್ರೆ ಎಲ್ಲವೂ ಇದರಲ್ಲಿ ಸೇರಿದೆ. ದೀರ್ಘ ಕಾಯಿಲೆಯವರಿಗೆ ಇದಕ್ಕಿಂತ ಒಳ್ಳೆಯ ವಿಮೆ ನಾವು ಕಂಡಿಲ್ಲ. ‘ಸಂಬಳದಲ್ಲಿ ಹಿಡಿಯುತ್ತಾರೆ’ ಎಂದು ಬೇಡವೆನ್ನುವ ಯುವಕರಿಗೆ ಇದನ್ನು ತಿಳಿಸಿ ಹೇಳಬೇಕು.

ಹಣ ಕೊಡಲು ನಿರಾಕರಿಸಿದರೆ

2024ರ ಮೇ ತಿಂಗಳ ಆದೇಶದ ಪ್ರಕಾರ, ಕ್ಯಾಶ್‌ಲೆಸ್ ಚಿಕಿತ್ಸೆಯ ಕೋರಿಕೆಗೆ ಕಂಪನಿಯು ಒಂದು ಗಂಟೆಯೊಳಗೆ, ಡಿಸ್ಚಾರ್ಜ್ ಸಮಯದ ಒಪ್ಪಿಗೆಯನ್ನು ಮೂರು ಗಂಟೆಯೊಳಗೆ ತಿಳಿಸಬೇಕು. ನಿರಾಕರಿಸಿದರೆ ಕಾರಣವನ್ನು ಬರವಣಿಗೆಯಲ್ಲೇ ಪಡೆಯಿರಿ. ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಬೇಕು. ಪ್ರಾಧಿಕಾರದ ಸಹಾಯವಾಣಿ 155255ಕ್ಕೂ ಕರೆ ಮಾಡಬಹುದು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಉತ್ತರ ಸಮಾಧಾನಕರವಾಗಿಲ್ಲದಿದ್ದರೆ, ವಿಮಾ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಕರ್ನಾಟಕಕ್ಕೆ ಇವರ ಕಚೇರಿ ಬೆಂಗಳೂರಿನಲ್ಲಿದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಕಂಪನಿಯ ಉತ್ತರ ಬಂದ ಒಂದು ವರ್ಷದೊಳಗೆ ದೂರು ಕೊಡಬೇಕು ಎಂಬುದು ನೆನಪಿರಲಿ. ಮೌನವಾಗಿ ಕುಳಿತವರ ಹಣ ಮರಳಿ ಬರುವುದಿಲ್ಲ.

ನಾವು ಒಬ್ಬರಿಗೊಬ್ಬರು

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಉಳಿಯುತ್ತದೆ. ಗಾಯಗೊಂಡವನನ್ನು ಛತ್ರಕ್ಕೆ ಕರೆತಂದ ಸಮಾರಿಯದವನ ಕಥೆಯನ್ನು ನಾವು ಎಷ್ಟೋ ಬಾರಿ ಕೇಳಿದ್ದೇವೆ. ಅವನು ಗಾಯ ಕಟ್ಟಿದ್ದು ಮಾತ್ರ ನಮಗೆ ನೆನಪಿರುತ್ತದೆ. ಮರುದಿನ ಛತ್ರದವನಿಗೆ ಹಣ ಕೊಟ್ಟು, ಇನ್ನೂ ಖರ್ಚಾದರೆ ಮರಳಿ ಬಂದಾಗ ತೀರಿಸುತ್ತೇನೆ ಎಂದು ಹೊಣೆ ಹೊತ್ತದ್ದನ್ನು ಮರೆಯುತ್ತೇವೆ. ಮೊದಲ ದಿನ ಹಣ್ಣು ಹಿಡಿದು ನೋಡಲು ಬರುವವರು ಬಹಳ. ದೀರ್ಘ ಕಾಯಿಲೆಯವನಿಗೆ ಬೇಕಾದದ್ದು ನೂರನೆಯ ದಿನವೂ ಬಾಗಿಲು ತಟ್ಟುವವರು.

ಹಣದ ಸಹಾಯ ಎಲ್ಲರಿಂದಲೂ ಆಗದು. ಆದರೆ ಓದಲು ಬಾರದ ಅಜ್ಜಿಯ ಪಾಲಿಸಿಯನ್ನು ಓದಿ ಹೇಳಬಹುದು. ಪಕ್ಕದ ಮನೆಯವರ ರೇಷನ್ ಕಾರ್ಡು, ಆಧಾರ್ ಹಿಡಿದು ಆರೋಗ್ಯಮಿತ್ರರ ಬಳಿಗೆ ಜೊತೆಯಾಗಿ ಹೋಗಬಹುದು. ಡಯಾಲಿಸಿಸ್‌ಗೆ ಹೋಗುವವರನ್ನು ವಾರಕ್ಕೊಮ್ಮೆ ಬೈಕಿನಲ್ಲಿ ಬಿಟ್ಟು ಬರಬಹುದು. 2020ರಲ್ಲಿ ನಮ್ಮ ಓಣಿಯ ಒಬ್ಬ ಹುಡುಗ ಹನ್ನೊಂದು ದಿನವೂ ಮನೆಯಿಂದ ಊಟ ತಂದು ಕೊಟ್ಟ. ಅವನ ತಾಯಿ ಕಳುಹಿಸಿದ ಗಂಜಿ ಮತ್ತು ಉಪ್ಪಿನಕಾಯಿಯ ಲೆಕ್ಕ ಯಾವ ಬಿಲ್ಲಿನಲ್ಲೂ ಇಲ್ಲ.

ಅಡವಿಟ್ಟ ಸರವನ್ನು ನಾವು ಮೂರು ವರ್ಷದ ನಂತರ ಬಿಡಿಸಿಕೊಂಡೆವು. ಕಾಯಿಲೆ ಹೋಗಿಲ್ಲ. ಕ್ರಿಯಾಟಿನಿನ್ ನಿಧಾನವಾಗಿ ಏರುತ್ತಿದೆ, ಕಂತೂ ಏರುತ್ತಿದೆ. ಈಗ ತಿಂಗಳ ಮೊದಲ ವಾರವೇ ಒಂದು ಡಬ್ಬಿಗೆ ಸ್ವಲ್ಪ ಹಣ ಹಾಕುತ್ತೇವೆ. ಮಗಳು ತನ್ನ ಸಂಬಳದಿಂದ ಒಂದು ಪಾಲು ಸೇರಿಸುತ್ತಾಳೆ. ಡಬ್ಬಿಯ ಮೇಲೆ ನವೀಕರಣದ ದಿನಾಂಕವನ್ನು ದೊಡ್ಡದಾಗಿ ಬರೆದಿಟ್ಟಿದ್ದೇವೆ. ಪ್ರಿಯ ಓದುಗರೇ, ತಾವೂ ಇಂದೇ ತಮ್ಮ ಪಾಲಿಸಿಯನ್ನೋ ಕಾರ್ಡನ್ನೋ ಹೊರತೆಗೆದು ದಿನಾಂಕ ನೋಡಿ. ಆಮೇಲೆ ಪಕ್ಕದ ಮನೆಯವರದನ್ನೂ ಒಮ್ಮೆ ಕೇಳಿ ನೋಡಿ.